ಗಂಡಸರ ಹಾರ್ಮೋನ್ ಪ್ರಾಬ್ಲಂ ಬಗ್ಗೆನೂ ಬರೀರಿ

ಸಂಪಾದಕರೇ, ಶುಗರ್, ಬಿಪಿ ಬಗ್ಗೆ ಆಗಾಗ ಬರೀತೀರಿ, ಗಂಡಸರ ಮುಖ್ಯ ಹಾರ್ಮೋನ್ ಟೆಸ್ಟೋಸ್ಟೆರಾನ್ ಕಮ್ಮಿ ಆಗೋದ್ರ ಬಗ್ಗೆ ಮಾತ್ರ ಜಾಹೀರಾತಲ್ಲೇ ಓದ್ಬೇಕು. ಸದಾ ಸುಸ್ತು, ಲೈಂಗಿಕ ಆಸಕ್ತಿ ಇಲ್ಲ, ಮೂಡ್ ಸರಿ ಇಲ್ಲ ಅಂತ ಒಳಗೊಳಗೇ ಕೊರಗೋರು ಡಾಕ್ಟರ್ ಹತ್ರ ಹೋಗೋಕೆ ನಾಚ್ಕೊಂಡು ಆನ್‌ಲೈನಲ್ಲಿ ಸಿಗೋ ಪುಡಿ, ಕ್ಯಾಪ್ಸೂಲ್ ನುಂಗ್ತಾರೆ, ಅದ್ರಲ್ಲಿ ಏನಿದೆಯೋ ದೇವರಿಗೇ ಗೊತ್ತು. ಈ ಹಾರ್ಮೋನ್ ಕಮ್ಮಿ ಇದೆಯಾ ಅಂತ ತಿಳಿಯೋಕೆ ಒಂದೇ ಬ್ಲಡ್ ಟೆಸ್ಟ್ ಸಾಕಾಗಲ್ಲ, ಬೆಳಿಗ್ಗೆ ಹೊತ್ತಲ್ಲೇ 2 ಬೇರೆ ಬೇರೆ ದಿನ ಮಾಡಿಸ್ಬೇಕು, ಯಾಕಂದ್ರೆ ಲೆವೆಲ್ ಬೆಳಿಗ್ಗೆ ಜಾಸ್ತಿ ಇದ್ದು ಆಮೇಲೆ ಇಳಿಯುತ್ತೆ. ಬೊಜ್ಜು, ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟೋ ತೊಂದ್ರೆ ಇದ್ರೂ ಕಮ್ಮಿ ಆಗಬಹುದು. ಇನ್ನೊಂದು, ಮಕ್ಕಳು ಬೇಕು ಅನ್ನೋರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡ್ರೆ ವೀರ್ಯಾಣು ಉತ್ಪಾದನೆನೇ ಕುಗ್ಗುತ್ತೆ, ಇದನ್ನ ಜಿಮ್ಮಲ್ಲಿ ಯಾರು ಹೇಳ್ತಾರೆ? ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞ ಡಾಕ್ಟರ್) ಒಬ್ರಿಂದ ಪ್ರಶ್ನೋತ್ತರ ಅಂಕಣ ಶುರು ಮಾಡಿ, ಹೆಸರು ಹಾಕದೇ ಕೇಳೋಕೆ ಅವಕಾಶ ಇರ್ಲಿ.

– ಒಬ್ಬ ಓದುಗ