ಉದ್ಯೋಗದ ಕಲಮಿನಲ್ಲಿ ಬಿಟ್ಟುಹೋದ ಪದ

ಮಾನ್ಯ ಸಂಪಾದಕರೇ,

ನಮ್ಮ ತಂದೆಯವರು ತಮ್ಮ 81ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಮರಣ ನೋಂದಣಿಯ ಅರ್ಜಿ ತುಂಬಲು ಕುಳಿತ ನಾನು, ‘ಉದ್ಯೋಗ’ ಎಂಬ ಕಲಮಿನ ಮುಂದೆ ‘ಬಡಗಿ ಮತ್ತು ರೈತ’ ಎಂದು ಬರೆದೆ. ಯಾವುದಾದರೂ ಒಂದನ್ನೇ ಬರೆಯಿರಿ ಎಂದು ಅರ್ಜಿ ವಾಪಸು ಬಂತು. ಬಡಗಿ ಎಂಬುದನ್ನು ಹೊಡೆದುಹಾಕಿ ಕೊಟ್ಟು ಬಂದೆ. ಆ ಸಂಕಟ ಇನ್ನೂ ಹೋಗಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅವರ ಬದುಕಿನಲ್ಲಿ ಈ ಎರಡು ಕೆಲಸಗಳು ಎಂದೂ ಬೇರೆ ಬೇರೆಯಾಗಿರಲಿಲ್ಲ. ನೊಗಕ್ಕೆ ಈಸನ್ನು, ಅಂದರೆ ನೇಗಿಲಿನ ಉದ್ದನೆಯ ಮರವನ್ನು, ಬಿಗಿಯುವ ಜಾಗ ನಾಲ್ಕು ಬೆರಳು ಹಿಂದುಮುಂದಾದರೂ ಉಳುಮೆಯ ಆಳ ಬದಲಾಗುತ್ತದೆ ಎಂಬುದು ನೇಗಿಲು ಹಿಡಿದವನಿಗೂ ಗೊತ್ತು, ನೇಗಿಲು ಕೆತ್ತಿದವನಿಗೂ ಗೊತ್ತು. ಇಬ್ಬರೂ ಒಬ್ಬರೇ ಆಗಿದ್ದುದರಿಂದ, ಬೆಳಿಗ್ಗೆ ಮಣ್ಣಿನಲ್ಲಿ ಕಂಡ ದೋಷವನ್ನು ಅವರು ಸಂಜೆಯೊಳಗೆ ಮರದಲ್ಲಿ ತಿದ್ದುತ್ತಿದ್ದರು. ಬೆಳೆ ಮನೆಗೆ ಬಂದ ಮೇಲೆ ಬಾಗಿಲು, ಕಿಟಕಿ, ತೊಟ್ಟಿಲುಗಳ ಕೆಲಸ. ಬಿಡುವು ಎಂಬ ಪದವನ್ನು ಅವರ ಬಾಯಿಂದ ಕೇಳಿದ ನೆನಪು ನನಗಿಲ್ಲ.

ಅವರು ಮಾಡಿದ ಬಾಗಿಲುಗಳ ನಡುಹಲಗೆಯನ್ನು ತಟ್ಟಿದರೆ ಸಣ್ಣಗೆ ಅಲುಗುತ್ತಿತ್ತು. ಚಿಕ್ಕವನಾಗಿದ್ದಾಗ ಅದನ್ನು ಕೆಲಸದ ಕೊರತೆ ಎಂದೇ ತಿಳಿದು, ಮೊಳೆ ಹೊಡೆದು ಬಿಗಿ ಮಾಡಬಾರದೇಕೆ ಎಂದು ಕೇಳಿದ್ದೆ. “ಅದು ಮಳೆಗಾಲಕ್ಕೆ ಬಿಟ್ಟ ಜಾಗ” ಎಂದಷ್ಟೇ ಹೇಳಿದ್ದರು. ಮರವು ಉದ್ದಕ್ಕೆ ಹೆಚ್ಚೇನೂ ಹಿಗ್ಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದಲೇ ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಹಲಗೆಯನ್ನು ಅಂಟಿಸದೆ ಸಡಿಲವಾಗಿ ಕೂರಿಸುತ್ತಾರೆ, ಇಲ್ಲದಿದ್ದರೆ ಹಲಗೆ ಸೀಳುತ್ತದೆ ಅಥವಾ ಚೌಕಟ್ಟಿನ ಕೂಡುಗಳೇ ಬಿಟ್ಟುಕೊಳ್ಳುತ್ತವೆ. ಇದು ನನಗೆ ಅರ್ಥವಾಗಲು ಎಷ್ಟೋ ವರ್ಷ ಬೇಕಾಯಿತು.

ದುಡಿಮೆಯನ್ನು ಹಾಡಿ ಹೊಗಳಿ ಸುಮ್ಮನಾಗುವುದು ನನ್ನ ಉದ್ದೇಶವಲ್ಲ, ಏಕೆಂದರೆ ಅದರ ಬೆಲೆಯನ್ನು ಅವರ ದೇಹ ತೆತ್ತಿತ್ತು. ಗರಗಸ ಎಳೆದೆಳೆದು ಬಲಭುಜ ಇಳಿದಿತ್ತು. ಮರದ ಪುಡಿಯ ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಅವರ ನೆಚ್ಚಿನ ಉಳಿಯೊಂದು ಈಗ ನನ್ನ ಮೇಜಿನ ಮೇಲಿದೆ. ಒಂದು ಗೇಣಿದ್ದ ಅದರ ಅಲಗು ಐವತ್ತು ವರ್ಷ ಸಾಣೆಗೆ ಸವೆದು ಮೂರು ಬೆರಳಿನಷ್ಟು ಉಳಿದಿದೆ. ಹಿಡಿಯಲ್ಲಿ ಅವರ ಹೆಬ್ಬೆರಳು ಕೂರುತ್ತಿದ್ದ ಕಡೆ ತಗ್ಗು ಬಿದ್ದಿದೆ. ನನ್ನ ಬೆರಳು ಅಲ್ಲಿ ಸರಿಯಾಗಿ ಕೂರುವುದಿಲ್ಲ.

ತಮ್ಮ ಪತ್ರಿಕೆಯಲ್ಲಿ ನಿವೃತ್ತರಾದ ಅಧಿಕಾರಿಗಳ, ಪದವಿ ಪಡೆದವರ ಪರಿಚಯಗಳನ್ನು ನಾನು ಸಂತೋಷದಿಂದ ಓದುತ್ತೇನೆ. ವಾರಕ್ಕೊಮ್ಮೆಯಾದರೂ ಇಂತಹ ಕೈಗೆಲಸದವರ ಬಗ್ಗೆ, ಸಾಧ್ಯವಾದರೆ ಅವರು ಬದುಕಿರುವಾಗಲೇ, ಅವರ ಕೆಲಸದ ವಿವರಗಳ ಸಮೇತ ಬರೆಸಬೇಕೆಂದು ನನ್ನ ವಿನಂತಿ. ಎಷ್ಟು ಕಷ್ಟಪಟ್ಟರು ಎಂದು ಮಕ್ಕಳು ಹೇಳಬಲ್ಲರು. ಏನನ್ನು ಬಲ್ಲವರಾಗಿದ್ದರು ಎಂದು ಹೇಳಲು ನಮ್ಮಲ್ಲಿ ಬಹಳ ಜನಕ್ಕೆ ಆಗುವುದಿಲ್ಲ. ನಾನೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ.

ಹಿತ್ತಲಿನ ಚಪ್ಪರದಡಿ ಅವರು ಜೋಡಿಸಿಟ್ಟ 2 ಇಂಚು ದಪ್ಪದ ಹಲಗೆಗಳಿವೆ. ಗಾಳಿಯಾಡಲೆಂದು ನಡುನಡುವೆ ಪಟ್ಟಿಗಳನ್ನಿಟ್ಟು, ಬಿರುಕು ಬಿಡದಂತೆ ತುದಿಗಳಿಗೆ ಬಣ್ಣ ಬಳಿದು, ಪೆನ್ಸಿಲಿನಲ್ಲಿ ತಾರೀಖು ಹಾಕಿದ್ದಾರೆ. ಇಂಚಿಗೆ ಒಂದು ವರ್ಷ ಒಣಗಬೇಕೆಂಬುದು ಅವರ ಲೆಕ್ಕ. ಮುಂದಿನ ತಿಂಗಳಿಗೆ ಎರಡು ವರ್ಷ ತುಂಬುತ್ತದೆ. ಕೊಳ್ಳುತ್ತೇವೆ ಎಂದು ಬಂದವರಿಗೆ ನಾನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ