ನಾಳೆ ಹೊಗೆ ಕಂಡರೆ ಗಾಬರಿ ಬೇಡ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಕೊಡಗಿನ ತಿತಿಮತಿ ಕಡೆಯ ಕಾಡಂಚಿನಲ್ಲಿ ಹೊಗೆ ಕಾಣಿಸುತ್ತದೆ. ಅದು ಕಾಡ್ಗಿಚ್ಚಲ್ಲ. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಸುಡುತ್ತಿದ್ದಾರೆ, ಅಂದರೆ ಕಾಡ್ಗಿಚ್ಚು ದಾಟದಂತೆ ಒಂದು ಪಟ್ಟಿಯನ್ನು ಮೊದಲೇ ಸುಟ್ಟಿಡುತ್ತಾರೆ. ಈ ಸಲ ಸೇರಿದ ಬೆಂಕಿ ಕಾವಲುಗಾರರಿಗೆ ಅಲ್ಲೇ ಪಾಠ.

ಒಣ ಹುಲ್ಲು, ತರಗೆಲೆ, ಲಂಟಾನ ಪೊದೆ ಈಗಲೇ ಸುಟ್ಟುಹೋದರೆ ಮಾರ್ಚ್‌ನಲ್ಲಿ ಬೆಂಕಿಗೆ ಮೇವು ಸಿಗುವುದಿಲ್ಲ. ಮೊದಲು ಪಟ್ಟಿಯ ಅಂಚನ್ನು ಮಣ್ಣು ಕಾಣುವಷ್ಟು ಕೆರೆಯುತ್ತಾರೆ. ಆಮೇಲೆ ಗಾಳಿಗೆ ಎದುರಾಗಿ ಹಚ್ಚುತ್ತಾರೆ. ಹಾಗೆ ಹಚ್ಚಿದ ಬೆಂಕಿ ನಿಧಾನ, ಜ್ವಾಲೆಯೂ ಗಿಡ್ಡ. ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೊಡ್ಡ ಬೆಂಕಿಯ ಮುಂದೆ ನಿಂತು ಕಲಿಯೋಕಾಗುತ್ತಾ? ಫ್ಲೋರಿಡಾದಲ್ಲಂತೂ 1998ರಿಂದ ಹೀಗೆ ಮೊದಲೇ ಸುಡುವುದನ್ನು ಕಲಿಸಲೆಂದೇ ಒಂದು ತರಬೇತಿ ಕೇಂದ್ರ ಇದೆ.

ಕಾಫಿ ಕಳದಲ್ಲಿ ಹಣ್ಣು ಹರಡಿದವರು ಬೆಳಿಗ್ಗೆ ಟಾರ್ಪಾಲ್ ಮುಚ್ಚಿಡಿ. ಲೈನ್ ಮನೆಯಲ್ಲಿರುವ ತೋಟದ ಕೆಲಸಗಾರರಿಗೂ ಹೇಳಿ. ದನ ಆ ಕಡೆ ಬಿಡಬೇಡಿ. ನೋಡಲು ಹೋಗಿ ವಿಡಿಯೋ ಮಾಡುವುದು ಬೇಡ, ಪ್ಲೀಸ್.

ಇನ್ನೊಂದು ಮಾತು. ಇದನ್ನು ನೋಡಿ ನಾವೂ ತೋಟದಂಚಿಗೆ ಸುಮ್ನೆ ಕಡ್ಡಿ ಗೀರಬಾರದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ನೆನಪಿದೆ ಅಲ್ವಾ? ಮಧ್ಯಾಹ್ನದ ನಂತರವೂ ಹೊಗೆ ಜಾಸ್ತಿಯಾದರೆ 112ಕ್ಕೆ ಕರೆ ಮಾಡಿ, ಆಮೇಲೆ ಇಲ್ಲಿ ಹಾಕಿ.