ಮನೆಯಲ್ಲೇ ಕೂತು ದುಡಿಯುವ ಮಗಳಿಗೆ

ಪ್ರೀತಿಯ ಮಗಳೇ,

ಮನೆಯಲ್ಲಿ ಕೂತು ಕೆಲಸ ಮಾಡುವುದು ಕೊರೊನಾ ಬಂದ ಮೇಲೆ ಹುಟ್ಟಿದ್ದು ಅಂತ ನಿನ್ನ ಆಫೀಸಿನವರು ತಿಳಿದಿರಬಹುದು. ನಮ್ಮ ಬಂಟ್ವಾಳ, ಪುತ್ತೂರು ಕಡೆಯ ಹೆಂಗಸರಿಗೆ ಅದು ಹಳೇ ಕಥೆ. ನೀನು ಹುಟ್ಟುವ ಮೊದಲೇ ನನ್ನ ಮಡಿಲಲ್ಲಿ ಬೀಡಿಯ ತಡ್ಪೆ, ಅಂದರೆ ಮೊರ, ಇತ್ತು. ಎಲೆ, ಹೊಗೆಸೊಪ್ಪು ತಂದು ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರೇ ಅಂತ 1966ರ ಬೀಡಿ ಕಾಯ್ದೆಯಲ್ಲೇ ಬರೆದಿತ್ತು. ಹಾಗಾಗಿ ಈ ವಿಷಯದಲ್ಲಿ ನಾನು ನಿನಗಿಂತ ಸೀನಿಯರ್!

ಬೀಡಿಯ ಕೆಲಸ ಸುಖದ್ದು ಅಂತ ಹೇಳುತ್ತಿಲ್ಲ. ಕುತ್ತಿಗೆ ನೋವು, ಹೊಗೆಸೊಪ್ಪಿನ ಘಾಟು, ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಚೆಕ್ಕಿಂಗ್ ಮಾಡಿ ಆಚೆ ಎಸೆದ ಬೀಡಿಯ ಸಂಕಟ, ಎಲ್ಲ ಇತ್ತು. ಆದರೆ ಸಾವಿರಕ್ಕೆ ಇಷ್ಟು ಅಂತ ಮಜೂರಿ. ಕಟ್ಟಬೇಕಾದಷ್ಟು ಕಟ್ಟಿ, ಇಪ್ಪತ್ತೈದರ ಕಟ್ಟು ಮಾಡಿಟ್ಟರೆ ಆ ದಿನದ್ದು ಮುಗಿಯಿತು. ನಿನ್ನ ಕೆಲಸಕ್ಕೆ ಆ ಲೆಕ್ಕವೇ ಇಲ್ಲ ನೋಡು. ಒಂದು ಮೆಸೇಜಿಗೆ ಉತ್ತರ ಕೊಡುವಷ್ಟರಲ್ಲಿ ಮತ್ತೊಂದು. ಬೆಳಗ್ಗೆಯೇ ಇಂದಿಗೆ ಇಷ್ಟು ಅಂತ ಕಾಗದದಲ್ಲಿ ಬರೆದಿಡು. ಅಷ್ಟಾದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಕಪಾಟಿಗೆ ಹಾಕು. ಹಾಸಿಗೆಗಂತೂ ಅದು ಬರಲೇಬಾರದು.

ಇನ್ನೊಂದು. ನಾವು ಒಬ್ಬೊಬ್ಬರೇ ಕಟ್ಟಿದವರಲ್ಲ. ಮಧ್ಯಾಹ್ನ ನೆರೆಕರೆಯವರೆಲ್ಲ ಒಂದೇ ಜಗಲಿಗೆ ತಡ್ಪೆ ತರುತ್ತಿದ್ದರು. ಕೈ ಅದರಷ್ಟಕ್ಕೆ ಓಡುತ್ತಿತ್ತು, ಬಾಯಿ ಊರಿನ ಸುದ್ದಿ ಹೇಳುತ್ತಿತ್ತು. ಅತ್ತೆಯ ಮೇಲಿನ ಸಿಟ್ಟು, ಸಾಲ, ಮಕ್ಕಳ ಜ್ವರ ಎಲ್ಲ ಅಲ್ಲೇ ಹಗುರವಾಗುತ್ತಿತ್ತು. ಆಮೇಲೆ ಬ್ರಾಂಚಿಗೆ ನಡೆದು ಹೋಗಬೇಕಿತ್ತಲ್ಲ, ಮಳೆಗಾಲದಲ್ಲಿ ಬೇಸರ ಬರುತ್ತಿತ್ತು, ಈಗ ನೋಡಿದರೆ ನಮ್ಮನ್ನು ಹೊಸಿಲು ದಾಟಿಸಿದ್ದು ಆ ನಡಿಗೆಯೇ. ನಿನ್ನ ರೂಮಿನಲ್ಲಿ ಜಗಲಿಯೂ ಇಲ್ಲ, ಬ್ರಾಂಚೂ ಇಲ್ಲ. ತರಕಾರಿಯೂ ಬಾಗಿಲಿಗೇ ಬರುತ್ತದೆ. ರಾತ್ರಿ ನೀನು ಫೋನಿನಲ್ಲಿ "ಹಲೋ" ಅಂದರೆ ಸಾಕು, ಬೆಳಗ್ಗಿನಿಂದ ಮೀಟಿಂಗ್ ಬಿಟ್ಟು ಯಾರ ಹತ್ತಿರವೂ ಮಾತಾಡಿಲ್ಲ ಅಂತ ನನಗೆ ಗೊತ್ತಾಗುತ್ತದೆ ಮಾರಾಯ್ತಿ. ವಾರಕ್ಕೆ ಎರಡು ದಿನವಾದರೂ ಗೆಳತಿಯ ಮನೆಗೆ ಲ್ಯಾಪ್‌ಟಾಪ್ ತಕ್ಕೊಂಡು ಹೋಗು, ಇಬ್ಬರೂ ಅವರವರ ಕೆಲಸ ಮಾಡಿ.

ಸಂಜೆ ಆರೂವರೆಯ ಮೀಟಿಂಗ್ ನವೆಂಬರಿನಿಂದ ಏಳೂವರೆಗೆ ಹೋಗುತ್ತದೆ, ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ ಅಂತ ನೀನೇ ಹೇಳಿದ್ದೆ. ಅವರಿಗೆ ಬೆಳಗ್ಗಿನ ಒಂಬತ್ತು ಒಂಬತ್ತೇ. ಜಾರುವುದು ನಿನ್ನ ಊಟ, ನಿನ್ನ ನಿದ್ದೆ. ಆ ಒಂದು ಗಂಟೆಯನ್ನು ಬೆಳಗ್ಗೆ ವಾಪಸ್ ತಕ್ಕೋ, ತಡವಾಗಿ ಕೂರುತ್ತೇನೆ ಅಂತ ಮ್ಯಾನೇಜರಿಗೆ ಈಗಲೇ ಹೇಳಿಡು.

ಕಣ್ಣು ಉರಿಯುವುದಕ್ಕೆ ಡಾಕ್ಟರು ಹೇಳುವುದು ಸುಲಭ: 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡು. ಸ್ಕ್ರೀನ್ ನೋಡುವಾಗ ರೆಪ್ಪೆ ಮುಚ್ಚುವುದೇ ಕಡಿಮೆಯಾಗುತ್ತದಂತೆ.

ಮನಸ್ಸಿಗೆ ತೀರಾ ಭಾರ ಅನಿಸಿ, ನನ್ನ ಹತ್ತಿರ ಹೇಳಲಿಕ್ಕೂ ಆಗದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಉಂಟು, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೇನೂ ಬೇಸರವಿಲ್ಲ.

ಶನಿವಾರ ರಾತ್ರಿಯ ಬಸ್ಸಿಗೆ ಚಿಕ್ಕಮ್ಮನ ಮಗ ಬೆಂಗಳೂರಿಗೆ ಬರುತ್ತಾನೆ. ಕುಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ ಕಳಿಸುತ್ತೇನೆ. ಬಸ್ ಸ್ಟ್ಯಾಂಡಿಗೆ ನೀನೇ ಹೋಗಿ ತಕ್ಕೋ, ಡೆಲಿವರಿ ಹುಡುಗನನ್ನು ಕಳಿಸಬೇಡ.

ನಿನ್ನ ಅಮ್ಮ